ಮೂರು ದಿನ ಕಡಿಮೆ ಬಿದ್ದ ಮೂರು ಲಕ್ಷ: ಒಂದು ಬ್ರಿಟನ್ ವಿದ್ಯಾರ್ಥಿ ವೀಸಾದ ಪ್ರಕರಣ

2025ರ ಆಗಸ್ಟ್ 6ರಂದು ತಿಪಟೂರು ಕಡೆಯ ಹುಡುಗಿಯೊಬ್ಬಳ ಬ್ರಿಟನ್ ವಿದ್ಯಾರ್ಥಿ ವೀಸಾ ಅರ್ಜಿ ತಿರಸ್ಕೃತವಾಯಿತು. ಅವಳ ಅಂಕಗಳಲ್ಲಿ ಕೊರತೆ ಇರಲಿಲ್ಲ, ಇಂಗ್ಲಿಷ್‌ನಲ್ಲೂ ಇರಲಿಲ್ಲ. ಕೊರತೆ ತೋರಿಸಿದ್ದು ದುಡ್ಡಿನಲ್ಲಿ. ಅದೇ ವಿಚಿತ್ರ, ಯಾಕೆಂದರೆ ಅರ್ಜಿ ಹಾಕಿದ ದಿನ ಅವಳ ಅಪ್ಪನ ಖಾತೆಯಲ್ಲಿ ಬೇಕಾದ್ದಕ್ಕಿಂತ ಸುಮಾರು ಒಂದೂವರೆ ಲಕ್ಷ ರೂಪಾಯಿ ಹೆಚ್ಚೇ ಇತ್ತು.

ಕಡತ ನನ್ನ ಕೈಗೆ ಬಂದದ್ದು ತಿರಸ್ಕಾರದ ಪತ್ರ ಬಂದ ಮೇಲೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಮರೆಸಿ ಬರೆಯುತ್ತಿದ್ದೇನೆ. ರೈತ ಕುಟುಂಬದ ದುಡ್ಡು ನಮ್ಮಲ್ಲಿ ಹೇಗೆ ಓಡಾಡುತ್ತದೆ, ವೀಸಾ ಅಧಿಕಾರಿ ಅದನ್ನು ಹೇಗೆ ಎಣಿಸುತ್ತಾನೆ ಎನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣ ಅಪರೂಪ.

ಮೊದಲು ಲೆಕ್ಕ. ಬ್ರಿಟನ್ ವಿದ್ಯಾರ್ಥಿ ವೀಸಾ ಪಾಯಿಂಟ್ ಪದ್ಧತಿಯದು. ಒಟ್ಟು 70 ಪಾಯಿಂಟ್ ಬೇಕು: ವಿಶ್ವವಿದ್ಯಾಲಯ ಕೊಡುವ ಪ್ರವೇಶ ದೃಢೀಕರಣಕ್ಕೆ, ಅಂದರೆ ಎಲ್ಲರೂ ‘ಕ್ಯಾಸ್’ ಎನ್ನುವುದಕ್ಕೆ 50, ಇಂಗ್ಲಿಷ್‌ಗೆ 10, ಹಣಕಾಸಿಗೆ 10. ಇಲ್ಲಿ ಅರವತ್ತು ಬಂದರೂ ಫೇಲೇ. ಹುಡುಗಿಗೆ ಸಿಕ್ಕಿದ್ದು ಆಹಾರ ತಂತ್ರಜ್ಞಾನದಲ್ಲಿ ಒಂದು ವರ್ಷದ ಎಂ.ಎಸ್ಸಿ., ಲಂಡನ್ನಿನ ಹೊರಗೆ. ಶುಲ್ಕ 17,500 ಪೌಂಡ್. ಅದರಲ್ಲಿ 4,000 ಪೌಂಡ್ ಮೇ ತಿಂಗಳಲ್ಲೇ ಕಟ್ಟಿದ್ದರು, ಅದು ಕ್ಯಾಸ್‌ನಲ್ಲಿ ನಮೂದಾಗಿತ್ತು. ಉಳಿದದ್ದು 13,500. ಅದಕ್ಕೆ ಜೀವನ ವೆಚ್ಚ ಸೇರಬೇಕು. ಲಂಡನ್ ಹೊರಗಿನ ಊರುಗಳಿಗೆ ಆಗ ತಿಂಗಳಿಗೆ 1,136 ಪೌಂಡ್, ಗರಿಷ್ಠ ಒಂಬತ್ತು ತಿಂಗಳಿಗೆ, ಅಂದರೆ 10,224. (2025ರ ನವೆಂಬರ್ 11ರಿಂದ ಈ ದರ 1,171ಕ್ಕೆ ಏರಿದೆ, ಲಂಡನ್ ಒಳಗೆ 1,529. ಹಳೆಯ ಲೆಕ್ಕ ಹಿಡಿದುಕೊಂಡು ಕೂತವರು ಗಮನಿಸಿ.) ಒಟ್ಟು ತೋರಿಸಬೇಕಾದದ್ದು 23,724 ಪೌಂಡ್. ಪೌಂಡಿಗೆ 116 ರೂಪಾಯಿ ಹಿಡಿದರೆ ₹27.52 ಲಕ್ಷ.

ಇಷ್ಟು ದುಡ್ಡು ಇದ್ದರೆ ಸಾಲದು. ವಿದ್ಯಾರ್ಥಿಯ ಅಥವಾ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ, ಒಂದು ದಿನವೂ ಈ ಮೊತ್ತಕ್ಕಿಂತ ಕೆಳಗಿಳಿಯದೆ ಇರಬೇಕು. ಆ 28 ದಿನ ಮುಗಿಯುವ ತಾರೀಕು ಅರ್ಜಿ ಹಾಕುವ ದಿನಕ್ಕೆ 31 ದಿನಗಳ ಒಳಗಿರಬೇಕು. ಚಿಕ್ಕಪ್ಪ, ಅಜ್ಜ, ಅಣ್ಣ ಇವರ ಖಾತೆ ಲೆಕ್ಕಕ್ಕೆ ಬರುವುದಿಲ್ಲ. ಜಮೀನು, ಸೈಟು, ಒಡವೆ, ಷೇರು, ಚೀಟಿ ದುಡ್ಡು ಯಾವುದೂ ಬರುವುದಿಲ್ಲ. ಅಧಿಕಾರಿ ನೋಡುವುದು ತಕ್ಷಣ ತೆಗೆಯಬಹುದಾದ ಹಣವನ್ನು ಮಾತ್ರ.

ದುಡ್ಡು ಒಟ್ಟುಗೂಡಿದ ಬಗೆ

ಈ ಮನೆಯವರು ಬಡವರಲ್ಲ. ಐದಾರು ಎಕರೆ ತೆಂಗಿನ ತೋಟವಿದೆ. ಆ ವರ್ಷ ಕೊಬ್ಬರಿಗೆ ಹಿಂದೆ ಕಂಡಿರದಂಥ ದರ ಸಿಕ್ಕಿತ್ತು. ಕೇಂದ್ರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ ₹12,100 ಇದ್ದರೆ, ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡರಷ್ಟಕ್ಕೂ ಮೇಲೆ ಹೋಗುತ್ತಿತ್ತು. ಆದರೆ ತೋಟದವರ ಆಸ್ತಿ ಎಂದರೆ ಮರ, ಮಣ್ಣು, ಅಟ್ಟದ ಮೇಲಿನ ಕಾಯಿ, ಬೀರುವಿನಲ್ಲಿರುವ ಬಂಗಾರ, ಸೊಸೈಟಿಯಲ್ಲಿರುವ ಠೇವಣಿ. ರಾಷ್ಟ್ರೀಕೃತ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಪ್ಪತ್ತೆಂಟು ಲಕ್ಷ ಸುಮ್ಮನೆ ಕೂಡಿಟ್ಟುಕೊಳ್ಳುವ ರೈತ ಎಲ್ಲಿದ್ದಾನೆ?

ಶಿಕ್ಷಣ ಸಾಲ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮನೆಯವರು ಬ್ಯಾಂಕಿನಲ್ಲಿ ಕೇಳಿದ್ದರು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಇವರ ಹತ್ತಿರ ಇದ್ದದ್ದು ಕೃಷಿ ಜಮೀನು. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಮ್ಯಾನೇಜರುಗಳು ಅದನ್ನು ಒತ್ತೆ ಇಟ್ಟುಕೊಳ್ಳಲು ಹಿಂದೆಗೆಯುತ್ತಾರೆ. ಸಾಲದ್ದಕ್ಕೆ ಪಹಣಿ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದೆ. ಪೋಡಿ, ಅಂದರೆ ಅಳೆದು ಪಾಲು ಬೇರ್ಪಡಿಸುವ ಕೆಲಸ, ಆಗಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಸೊಸೈಟಿಯ ಹನ್ನೊಂದು ಲಕ್ಷದ ಠೇವಣಿ ಪತ್ರವನ್ನೇ ಲಗತ್ತಿಸೋಣ ಎಂದು ಅಪ್ಪ ಪಟ್ಟು ಹಿಡಿದಿದ್ದರಂತೆ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಅವಧಿಗೆ ಮುಂಚೆ ಮುರಿದರೆ ನಷ್ಟ. ಅವರನ್ನು ತಡೆದದ್ದು ಒಳ್ಳೆಯದೇ ಆಯಿತು. ಬ್ರಿಟನ್ನಿನ ನಿಯಮದ ಪ್ರಕಾರ ದುಡ್ಡಿರುವ ಸಂಸ್ಥೆಗೆ ಅದು ನಡೆಯುವ ದೇಶದ ಹಣಕಾಸು ನಿಯಂತ್ರಕನ ಹತೋಟಿ ಇರಬೇಕು, ದಾಖಲೆ ಕಂಪ್ಯೂಟರಿನಲ್ಲಿರಬೇಕು, ಅಧಿಕಾರಿ ವಿಚಾರಿಸಿದರೆ ಅಲ್ಲಿಂದ ಉತ್ತರ ಬರಬೇಕು. ಪಟ್ಟಣ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಸಹಕಾರ ಇಲಾಖೆಯ ನೋಂದಣಿಯಲ್ಲಿ ನಡೆಯುವಂಥವು. ಹಿಂದೆ ಬ್ರಿಟನ್ ಭಾರತದ ಯಾವ ಬ್ಯಾಂಕು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಪಟ್ಟಿಯನ್ನೇ ಇಟ್ಟಿತ್ತು. ನಡೆಯದ ಪಟ್ಟಿಯಲ್ಲಿ ಸಹಕಾರಿ ಬ್ಯಾಂಕುಗಳೇ ತುಂಬಿದ್ದವು. ಈಗ ಆ ಪಟ್ಟಿ ಇಲ್ಲ, ಆದರೆ ಸೊಸೈಟಿಯ ಕೈಬರಹದ ರಸೀದಿಗೆ ಬೆಲೆ ಬಂದಿದೆ ಎಂದು ಅರ್ಥವಲ್ಲ.

ಕೊನೆಗೆ ಠೇವಣಿ ಮುರಿದರು: ₹11 ಲಕ್ಷ. ಅಪ್ಪನ ಉಳಿತಾಯ ಖಾತೆಯಲ್ಲಿ ಮೊದಲೇ ಇದ್ದದ್ದು ₹7 ಲಕ್ಷ. ಅಮ್ಮನ ಒಡವೆ ಬ್ಯಾಂಕಿನಲ್ಲಿ ಅಡವಿಟ್ಟು ₹6 ಲಕ್ಷ. ಚಿಕ್ಕಪ್ಪ ಪ್ರಾಮಿಸರಿ ನೋಟು ಬರೆಸಿಕೊಂಡು ಕೊಟ್ಟ ಸಾಲ ₹5 ಲಕ್ಷ. ಜೂನ್ 12ಕ್ಕೆ ಅಪ್ಪನ ಖಾತೆಯಲ್ಲಿ ₹29 ಲಕ್ಷ ನಿಂತಿತು.

ಚಿಕ್ಕಪ್ಪನ ದುಡ್ಡಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ‘ಫಂಡ್ ತೋರಿಸಿಕೊಡ್ತೀವಿ’ ಎನ್ನುವ ದಂಧೆ ಇದೆ: ಕಮಿಷನ್ ತೆಗೆದುಕೊಂಡು ತಿಂಗಳ ಮಟ್ಟಿಗೆ ಖಾತೆಗೆ ದುಡ್ಡು ಹಾಕುವುದು, ವೀಸಾ ಬಂದ ಮರುದಿನ ವಾಪಸ್ ತೆಗೆಯುವುದು. ಕೆಲವರು ಸ್ಟೇಟ್‌ಮೆಂಟನ್ನೇ ಸೃಷ್ಟಿಸುತ್ತಾರೆ. ಸಿಕ್ಕಿಬಿದ್ದರೆ ವಂಚನೆ ಎಂದಾಗುತ್ತದೆ, ಹತ್ತು ವರ್ಷ ಬ್ರಿಟನ್ ಬಾಗಿಲು ಮುಚ್ಚುತ್ತದೆ. ಇಲ್ಲಿ ಹಾಗಿರಲಿಲ್ಲ. ಆ ಐದು ಲಕ್ಷ ನಿಜವಾದ ಕೈಸಾಲ, ಓದಿಗೇ ಖರ್ಚಾಗುವ ದುಡ್ಡು, ಕೊಬ್ಬರಿ ಮಾರಿ ತೀರಿಸುವ ಮಾತಿನ ಮೇಲೆ ಬಂದದ್ದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಜೂನ್ 27, 28, 29

ಅಪ್ಪನ ಹೆಸರಲ್ಲಿ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂರು ಲಕ್ಷದ ಬೆಳೆ ಸಾಲವಿತ್ತು. ಕರ್ನಾಟಕದಲ್ಲಿ 2023ರಿಂದ ಐದು ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ. ಆದರೆ ಒಂದು ಷರತ್ತಿದೆ. ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಗಡುವು ತಪ್ಪಿದರೆ ಸೊನ್ನೆ ಬಡ್ಡಿಯ ಅನುಕೂಲ ಹೋಗಿ, ಪಡೆದ ದಿನದಿಂದಲೂ ಬಡ್ಡಿ ಬೀಳುತ್ತದೆ. ಆದ್ದರಿಂದ ಊರಿನ ಪ್ರತಿ ರೈತನೂ ವರ್ಷಕ್ಕೊಮ್ಮೆ ಎಲ್ಲಿಂದಲಾದರೂ ದುಡ್ಡು ತಂದು ಸಾಲ ಕಟ್ಟುತ್ತಾನೆ, ರಿನ್ಯೂವಲ್ ಮಾಡಿಸಿ ಅಷ್ಟನ್ನೇ ಮತ್ತೆ ಎತ್ತುತ್ತಾನೆ. ಈ ಎರಡು ಮೂರು ದಿನಕ್ಕೆಂದೇ ಕೈಸಾಲ ಕೊಟ್ಟು ನೂರಕ್ಕಿಷ್ಟು ಎಂದು ಎಣಿಸಿಕೊಳ್ಳುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ.

ಇವರ ಗಡುವು ಜೂನ್ 30. ಖಾತೆಯಲ್ಲಿ 29 ಲಕ್ಷ ಇಟ್ಟುಕೊಂಡು ಮೂರು ದಿನಕ್ಕೆ ಯಾರಿಗೋ ಬಡ್ಡಿ ಯಾಕೆ ಕೊಡಬೇಕು ಎಂದು ಜೂನ್ 27ರ ಶುಕ್ರವಾರ ತಮ್ಮ ಖಾತೆಯಿಂದಲೇ ಮೂರು ಲಕ್ಷ ತೆಗೆದು ಸೊಸೈಟಿಗೆ ಕಟ್ಟಿದರು. ಅದೇ ದಿನ ರಿನ್ಯೂವಲ್ ಆಗಿ ಬರುತ್ತದೆ ಎಂದುಕೊಂಡಿದ್ದರು. ಕಾರ್ಯದರ್ಶಿ ಮಧ್ಯಾಹ್ನದ ಮೇಲೆ ಡಿಸಿಸಿ (ಜಿಲ್ಲಾ ಸಹಕಾರ ಕೇಂದ್ರ) ಬ್ಯಾಂಕಿಗೆ ಪಟ್ಟಿ ಕಳಿಸುವಷ್ಟರಲ್ಲಿ ಹೊತ್ತು ಮೀರಿತು. 28 ನಾಲ್ಕನೇ ಶನಿವಾರ, 29 ಭಾನುವಾರ. ಸೋಮವಾರ ದುಡ್ಡು ಬಂತು, ಸೋಮವಾರವೇ ವಾಪಸ್ ಖಾತೆಗೆ ಕಟ್ಟಿದರು.

ಪಾಸ್‌ಬುಕ್ಕಿನ ಆ ಪುಟ ನೋಡಿದ್ದೇನೆ. ಜೂನ್ 27ರ ಸಾಲಿನಲ್ಲಿ ‘ನಗದು’ ಎಂಬ ಎಂಟ್ರಿ, 3,00,000, ಪಕ್ಕದಲ್ಲಿ ಉಳಿಕೆ 26 ಲಕ್ಷ. ಅದರ ಕೆಳಗಿನ ಸಾಲಿನಲ್ಲೇ ಜೂನ್ 30, ಜಮಾ 3,00,000, ಉಳಿಕೆ ಮತ್ತೆ 29. ಅಂಟಿಕೊಂಡಂತಿರುವ ಎರಡು ಸಾಲು. ಪಾಸ್‌ಬುಕ್ ಓದುವ ರೂಢಿಯಿರುವ ಯಾರಿಗಾದರೂ ಇದು ರಿನ್ಯೂವಲ್ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಅಧಿಕಾರಿಗೆ ತಿಳಿದದ್ದು ಬೇರೆ: 26 ಲಕ್ಷ ಭಾಗಿಸು 116, ಅಂದರೆ ಸುಮಾರು 22,414 ಪೌಂಡ್. ಬೇಕಾದದ್ದು 23,724. ಮೂರು ದಿನ, 1,310 ಪೌಂಡ್ ಕೊರತೆ.

ಜುಲೈ 14ರವರೆಗಿನ ಸ್ಟೇಟ್‌ಮೆಂಟ್ ಪಡೆದು ಜುಲೈ 15ಕ್ಕೆ ಅರ್ಜಿ ಹಾಕಿದರು. ಬೆಂಗಳೂರಿನ ಕನ್ಸಲ್ಟೆನ್ಸಿಯವರು ಜೂನ್ 12ರ ಉಳಿಕೆ ನೋಡಿದರು, ಜುಲೈ 14ರ ಉಳಿಕೆ ನೋಡಿದರು, ಮೂವತ್ತು ದಿನ ದಾಟಿದೆ ಎಂದು ಟಿಕ್ ಹಾಕಿದರು. ನಡುವಿನ ಪುಟ ತಿರುವಿ ನೋಡಲಿಲ್ಲ. ಸ್ಟೇಟ್‌ಮೆಂಟ್ ಮುಗಿಯುವ ತಾರೀಕಿನಿಂದ ಹಿಂದಕ್ಕೆ 28 ದಿನ ಎಣಿಸುವುದು ಕ್ರಮ. ಜುಲೈ 14ರಿಂದ ಹಿಂದಕ್ಕೆ ಎಣಿಸಿದರೆ ಜೂನ್ 17. ಆ ಮೂರು ದಿನ ಸರಿಯಾಗಿ ಒಳಗೇ ಬಿದ್ದವು. ಇಂಥ ಕನ್ಸಲ್ಟೆನ್ಸಿಗಳು ಹೆಚ್ಚಾಗಿ ವಿದ್ಯಾರ್ಥಿಯಿಂದ ಫೀಸು ಪಡೆಯುವುದಿಲ್ಲ, ಅವರಿಗೆ ಕಮಿಷನ್ ವಿಶ್ವವಿದ್ಯಾಲಯದಿಂದ ಬರುತ್ತದೆ. ಉಚಿತ ಸೇವೆ ಎಂದರೆ ನಮ್ಮ ಪಾಸ್‌ಬುಕ್ ನಾವೇ ಓದಿಕೊಳ್ಳಬೇಕು ಎಂದು ಅರ್ಥ.

ಎರಡು ವಾರ ಕಾಯ್ದಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ. ಜುಲೈ 1ರಿಂದ ಎಣಿಸಿದರೆ ಜುಲೈ 28ಕ್ಕೆ 28 ದಿನ ತುಂಬುತ್ತಿತ್ತು. ತರಗತಿ ಶುರುವಾಗುವುದು ಸೆಪ್ಟೆಂಬರ್ 22ಕ್ಕೆ, ಸಾಮಾನ್ಯ ಅರ್ಜಿಗೆ ಮೂರು ವಾರ ಸಾಕು. ಸಮಯ ಧಾರಾಳವಾಗಿತ್ತು.

ಇನ್ನೂ ಹೊಟ್ಟೆ ಉರಿಸುವ ಸಂಗತಿ ಇದೆ. ಆಗ ವೀಸಾ ಶುಲ್ಕ 524 ಪೌಂಡ್, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಮುಂಚೆಯೇ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776ರಂತೆ. ಒಂದು ವರ್ಷದ ಕೋರ್ಸಿಗೆ ವೀಸಾ ಸಿಗುವುದು ಹಿಂದುಮುಂದಿನ ತಿಂಗಳು ಸೇರಿ ಸುಮಾರು ಹದಿನೇಳು ತಿಂಗಳಿಗೆ, ಆದ್ದರಿಂದ ಸರ್‌ಚಾರ್ಜ್ 1,164 ಆಗುತ್ತದೆ. ಈ ಖರ್ಚನ್ನು ಅಪ್ಪನ ಖಾತೆಯಿಂದ ಕಟ್ಟಿದರೆ ಉಳಿಕೆ ಇಳಿಯುತ್ತದೆ ಎಂದು ಅಮ್ಮನ ಖಾತೆಯಲ್ಲಿ ₹2.1 ಲಕ್ಷ ಬೇರೆ ಇಟ್ಟಿದ್ದರು. ಒಳ್ಳೆಯ ಯೋಚನೆ. ಅಮ್ಮನ ಖಾತೆಯೂ ರಾಷ್ಟ್ರೀಕೃತ ಬ್ಯಾಂಕಿನದೇ, ಜುಲೈ 14ರವರೆಗೆ ಆ ದುಡ್ಡು ತಿಂಗಳಿಗೂ ಹೆಚ್ಚು ಕಾಲ ಅಲ್ಲಾಡಿರಲಿಲ್ಲ. ಒಂದಕ್ಕಿಂತ ಹೆಚ್ಚು ಖಾತೆ ಸೇರಿಸಿ ತೋರಿಸಬಹುದು. ಆ ಒಂದು ಹಾಳೆ ಲಗತ್ತಿಸಿದ್ದರೆ ಕೊರತೆಯ ಮೂರು ದಿನಗಳಲ್ಲೂ ಒಟ್ಟು ₹28.1 ಲಕ್ಷ ಆಗುತ್ತಿತ್ತು, ಬೇಕಾದ್ದಕ್ಕಿಂತ ಅರ್ಧ ಲಕ್ಷಕ್ಕೂ ಮೇಲೆ. ಶುಲ್ಕದ ದುಡ್ಡು ಎಂದು ಹೆಸರಿಟ್ಟಿದ್ದರಿಂದ ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ತಿರಸ್ಕಾರದ ನಂತರ

‘ದುಡ್ಡು ಎಲ್ಲೂ ಹೋಗ್ಲಿಲ್ವಲ್ಲ ಸಾರ್, ಮೂರ್ ದಿನಕ್ಕೆ ವಾಪಸ್ ಬಂತಲ್ಲ. ಸೊಸೈಟಿಯಿಂದ ಪತ್ರ ಬರೆಸಿ ಕಳಿಸಿದ್ರೆ ಆಗಲ್ವಾ?’ ಎಂದು ಅಪ್ಪ ಕೇಳಿದರು. ಬೆಳೆ ಸಾಲದ ರಸೀದಿ, ರಿನ್ಯೂವಲ್ ಪತ್ರ ಎಲ್ಲ ಜೋಡಿಸಿಟ್ಟುಕೊಂಡೇ ಬಂದಿದ್ದರು.

ಆಗುವುದಿಲ್ಲ. ಹೊರದೇಶದಿಂದ ಹಾಕಿದ ಅರ್ಜಿ ತಿರಸ್ಕೃತವಾದರೆ 28 ದಿನದೊಳಗೆ 80 ಪೌಂಡ್ ಕಟ್ಟಿ ಆಡಳಿತಾತ್ಮಕ ಮರುಪರಿಶೀಲನೆ ಕೇಳಬಹುದು. ಆದರೆ ಅದು ಅಧಿಕಾರಿಯ ತಪ್ಪನ್ನು ತಿದ್ದುವುದಕ್ಕೆ ಇರುವ ದಾರಿ, ಹೊಸ ದಾಖಲೆ ಕೊಡುವುದಕ್ಕಲ್ಲ. ಇಲ್ಲಿ ಅಧಿಕಾರಿ ತಪ್ಪು ಮಾಡಿರಲಿಲ್ಲ. ಮೂರು ದಿನ ದುಡ್ಡು ಯಾಕೆ ಇರಲಿಲ್ಲ ಎನ್ನುವುದು ನಿಯಮಕ್ಕೆ ಬೇಕಿಲ್ಲ. ಇರಲಿಲ್ಲ ಎನ್ನುವುದಷ್ಟೇ ಸಾಕು. ಕಠಿಣ ನಿಯಮ ಎಂದು ನನಗೂ ಅನಿಸುತ್ತದೆ. ಹಾಗೆಂದು ಅದರ ಜೊತೆ ವಾದಕ್ಕೆ ಇಳಿದರೆ ಸೆಪ್ಟೆಂಬರ್ ಕಳೆದುಹೋಗುತ್ತಿತ್ತು.

ಹೊಸ ಅರ್ಜಿಯೇ ಸರಿ ಎಂದು ತೀರ್ಮಾನವಾಯಿತು. ಅದಕ್ಕೆ ಅನುಕೂಲವೂ ಇತ್ತು. ಜೂನ್ 30ರಿಂದ ಅಪ್ಪ ಆ ಖಾತೆ ಮುಟ್ಟಿರಲಿಲ್ಲ, ಆದ್ದರಿಂದ 28 ದಿನ ಹೊಸದಾಗಿ ಕಾಯಬೇಕಿರಲಿಲ್ಲ. ಎಲ್ಲ ದುಡ್ಡನ್ನೂ ಮಗಳ ಖಾತೆಗೇ ಹಾಕಿಬಿಡೋಣ, ಜನನ ಪತ್ರದ ತಲೆನೋವು ತಪ್ಪುತ್ತದೆ ಎಂದು ಯಾರೋ ಸಲಹೆ ಕೊಟ್ಟಿದ್ದರು. ಶುರುವಿನಲ್ಲೇ ಹಾಗೆ ಮಾಡಿದ್ದರೆ ಅದೇ ಅತ್ಯಂತ ಸುಲಭದ ದಾರಿ. ಈ ಹಂತದಲ್ಲಿ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದರೆ ಎರಡರ ಸ್ಟೇಟ್‌ಮೆಂಟೂ ಜೋಡಿಸಿ ವಿವರಿಸಬೇಕು. ಒಮ್ಮೆ ಪೆಟ್ಟು ತಿಂದವರಿಗೆ ಆ ಸಾಹಸ ಬೇಡವೆನಿಸಿತು.

ಜನನ ಪತ್ರದ ತಲೆನೋವು ಏನೆಂದರೆ, ತಂದೆಯ ಖಾತೆ ತೋರಿಸುವಾಗ ಸಂಬಂಧ ರುಜುವಾತು ಮಾಡಲು ಜನನ ಪತ್ರ ಬೇಕು, ಹಣ ಬಳಸಲು ಒಪ್ಪಿಗೆ ಪತ್ರ ಬೇಕು. ಜನನ ಪತ್ರದಲ್ಲಿ ಅಪ್ಪನ ಹೆಸರು ಊರಲ್ಲಿ ಕರೆಯುವ ಗಿಡ್ಡ ಹೆಸರು. ಬ್ಯಾಂಕಿನಲ್ಲಿ ಊರು, ತಂದೆಯ ಇನಿಶಿಯಲ್ ಸಮೇತ ಉದ್ದ ಹೆಸರು. ಮಗಳ ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ ಬಿಡಿಸಿ ಬರೆದ ಮೂರನೆಯ ರೂಪ. ಹಳೇ ಮೈಸೂರು ಭಾಗದ ಅರ್ಧ ಮನೆಗಳಲ್ಲಿ ಇದೇ ಕತೆ. ಮೊದಲ ಸಲ ಅಧಿಕಾರಿ ಇದನ್ನು ಎತ್ತಿರಲಿಲ್ಲ, ಎರಡನೇ ಸಲ ಎತ್ತುವುದಿಲ್ಲ ಎನ್ನುವ ಖಾತ್ರಿ ಏನು? ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಆಧಾರ್ ಮತ್ತು ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ ಜೊತೆಗಿಟ್ಟರು.

ನಿಜವಾಗಿ ದಿನ ತಿಂದದ್ದು ಕ್ಯಾಸ್. ಒಂದು ಕ್ಯಾಸ್ ಒಂದೇ ಅರ್ಜಿಗೆ. ತಿರಸ್ಕಾರವಾದರೆ ವಿಶ್ವವಿದ್ಯಾಲಯ ಹೊಸದು ಕೊಡಬೇಕು, ಕೊಡಲೇಬೇಕೆಂಬ ನಿಯಮವಿಲ್ಲ. ವಿದ್ಯಾರ್ಥಿಗಳ ವೀಸಾ ತಿರಸ್ಕಾರ ಹೆಚ್ಚಾದರೆ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ವಿಶ್ವವಿದ್ಯಾಲಯಕ್ಕಿರುವ ಪ್ರಾಯೋಜಕ ಪರವಾನಗಿಗೇ ಕುತ್ತು ಬರುತ್ತದೆ, ಹಾಗಾಗಿ ಅವರು ಎರಡನೇ ಸಲ ಅಳೆದು ಸುರಿದು ನೋಡುತ್ತಾರೆ. ಹುಡುಗಿ ತಿರಸ್ಕಾರದ ಪತ್ರ, ಪೂರ್ತಿ ಸ್ಟೇಟ್‌ಮೆಂಟ್, ಬೆಳೆ ಸಾಲದ ಕತೆಯನ್ನು ಒಂದೇ ಪುಟದಲ್ಲಿ ವಿವರಿಸಿದ ಪತ್ರ ಕಳಿಸಿದಳು. ಜೊತೆಗೆ ದೊಡ್ಡ ಮೊತ್ತಗಳ ಮೂಲ: ಠೇವಣಿ ಮುರಿದ ರಸೀದಿ, ಒಡವೆ ಸಾಲದ ಮಂಜೂರಾತಿ, ಚಿಕ್ಕಪ್ಪನ ನೋಟು. ವೀಸಾಕ್ಕೆ ಉಪಯೋಗವಿಲ್ಲದ ಸೊಸೈಟಿ ಕಾಗದಗಳು ಇಲ್ಲಿ ಕೆಲಸಕ್ಕೆ ಬಂದವು. ಆಗಸ್ಟ್ 19ಕ್ಕೆ ಹೊಸ ಕ್ಯಾಸ್ ಬಂತು.

ಆ ಹದಿಮೂರು ದಿನ ಪೌಂಡ್ ಏರುತ್ತಿತ್ತು. ಲೆಕ್ಕಕ್ಕೆ ಹಿಡಿಯುವುದು ಅರ್ಜಿ ಹಾಕಿದ ದಿನ ಒವಾಂಡಾ ಎಂಬ ಜಾಲತಾಣ ತೋರಿಸುವ ವಿನಿಮಯ ದರವನ್ನು. 117ರಲ್ಲಿ ಅಗತ್ಯ ₹27.76 ಲಕ್ಷ ಆಯಿತು. ಪೌಂಡು 122 ದಾಟಿದ್ದರೆ ಮಾತ್ರ 29 ಲಕ್ಷ ಸಾಲದೆ ಬರುತ್ತಿತ್ತು. ಜೂನ್‌ನಲ್ಲಿ ‘ಒಂದೂವರೆ ಲಕ್ಷ ಜಾಸ್ತಿ ಯಾಕೆ ಸುಮ್ನೆ’ ಎಂದು ಮನೆಯಲ್ಲಿ ಗೊಣಗಿದ್ದವರು ಈಗ ಸುಮ್ಮನಾಗಿದ್ದರು. ನನ್ನ ಅನಿಸಿಕೆಯಲ್ಲಿ ಶೇ. 5ರಷ್ಟು ಹೆಚ್ಚುವರಿ ಇಡದೆ ಈ ಅರ್ಜಿಗೆ ಕೈ ಹಾಕಲೇಬಾರದು.

ಆಗಸ್ಟ್ 20ಕ್ಕೆ ಅರ್ಜಿ. ಈ ಸಲ ಬೇಗ ತೀರ್ಮಾನ ಪಡೆಯುವ ಆದ್ಯತಾ ಸೇವೆಗೆ 500 ಪೌಂಡ್ ಸೇರಿ ಒಟ್ಟು 2,188 ಪೌಂಡ್, ಎರಡೂವರೆ ಲಕ್ಷಕ್ಕೂ ಮೇಲೆ. ಮೊದಲ ಸಲದ ಸರ್‌ಚಾರ್ಜ್ ವಾಪಸ್ ಬರುತ್ತದೆ, ಆದರೆ ಕೆಲವು ವಾರ ಹಿಡಿಯುತ್ತದೆ. 524 ಪೌಂಡ್ ಹೋದದ್ದು ಹೋಯಿತು. ಅಟ್ಟದ ಕೊಬ್ಬರಿ ಇಳಿಸಿ ಮಾರಿ, ಆ ದುಡ್ಡನ್ನು ಅಮ್ಮನ ಖಾತೆಗೆ ಹಾಕಿ ಕಟ್ಟಿದರು. ಹಿಂದೆ ತಿರಸ್ಕಾರವಾಗಿದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದು ಕಾರಣ ಹೇಳಿದಳು. ಅದನ್ನು ಮುಚ್ಚಿಡು ಎಂದವರೂ ಇದ್ದರು. ಮುಚ್ಚಿಟ್ಟಿದ್ದರೆ ಅದೇ ವಂಚನೆಯಾಗುತ್ತಿತ್ತು. ಕ್ಷಯ ರೋಗ ತಪಾಸಣೆಯ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಸ್ಸಿರುವುದರಿಂದ ಹಳೆಯದೇ ನಡೆಯಿತು. ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಬಂದಳು. ಸೆಪ್ಟೆಂಬರ್ 2ಕ್ಕೆ ವೀಸಾ ಮಂಜೂರಾಯಿತು.

ಇನ್ನುಳಿದದ್ದು ಶುಲ್ಕದ ಬಾಕಿ ಕಳಿಸುವುದು, ಸುಮಾರು ಹದಿನಾರು ಲಕ್ಷ. ಒಂದು ಪ್ಯಾನ್‌ನಿಂದ ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸಿದ್ದು ಹತ್ತು ಲಕ್ಷ ದಾಟಿದರೆ, ಸ್ವಂತ ದುಡ್ಡಿನ ಶಿಕ್ಷಣ ವೆಚ್ಚಕ್ಕೆ 2025-26ರಲ್ಲಿ ಶೇ. 5 ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಹಿಡಿಯುತ್ತಿದ್ದರು. ಶಿಕ್ಷಣ ಸಾಲವಾಗಿದ್ದರೆ ಹಿಡಿಯುವುದಿಲ್ಲ, ಒಡವೆ ಸಾಲಕ್ಕೆ ಆ ವಿನಾಯಿತಿ ಇಲ್ಲ. ಮೇ ತಿಂಗಳ ಮುಂಗಡ ಸೇರಿಸಿದರೆ ಅಪ್ಪನೊಬ್ಬರ ಪ್ಯಾನ್‌ನಲ್ಲಿ ಅರ್ಧ ಲಕ್ಷದಷ್ಟು ಕಡಿತವಾಗುತ್ತಿತ್ತು. ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ ನಿಜ, ಆದರೆ ಕೃಷಿ ಆದಾಯವೊಂದೇ ಇರುವ ಮನುಷ್ಯ ಜೀವನದಲ್ಲಿ ರಿಟರ್ನ್ಸ್ ಹಾಕಿದವರಲ್ಲ. ಐದು ಲಕ್ಷ ಚಿಲ್ಲರೆ ಅಪ್ಪನ ಖಾತೆಯಿಂದ, ಉಳಿದದ್ದು ಅಮ್ಮನ ಖಾತೆಯಿಂದ ಎಂದು ಒಡೆದು ಕಳಿಸಿದ್ದರಿಂದ ಕಡಿತ ಕೆಲವು ಸಾವಿರಕ್ಕೆ ನಿಂತಿತು. ಚಿಕ್ಕಪ್ಪನ ಐದು ಲಕ್ಷದಲ್ಲಿ ಎರಡನ್ನು ದೀಪಾವಳಿ ಹೊತ್ತಿಗೆ ಕೊಟ್ಟರು. ಮಿಕ್ಕಿದ್ದಕ್ಕೆ ಯುಗಾದಿಯ ಗಡುವು ಹೇಳಿದ್ದಾರೆ.